ಅಣ್ಣಗ ಕುಡ್ಯೂದು ಬಿಡಸಾಕ ನಮ್ಮ ಕಡೆ ಯಾವ ಗುಂಪು ಚಲೋ? (ಬನಹಟ್ಟಿ, ಜಮಖಂಡಿ, ಬೆಳಗಾವಿ ಕಡೆಯವರು ಹೇಳ್ರಿ)

ಬನಹಟ್ಟಿ ತಂಗಿ

ಎಲ್ಲಾರಿಗೂ ನಮಸ್ಕಾರ್ರಿ. ಬಾಳ ದಿನ ವಿಚಾರ ಮಾಡಿ ಇವತ್ತ ಬರ್ಯಾಕತ್ತೀನಿ.

ನಮ್ಮಣ್ಣಗ ಮೂವತ್ತೆಂಟು ವಯಸ್ಸು. ಪಾವರ್‌ಲೂಮಿನ ಮ್ಯಾಲ ನೇಯ್ತಾನ. ಹತ್ತ-ಹನ್ನೆರಡು ವರ್ಷದಿಂದ ಕುಡಿತ ಐತಿ. ಈಗ ಮೂರು ವರ್ಷದಿಂದ ಮುಂಜಾನೆ ಎದ್ದ ಕೂಡ್ಲೆ ಒಂದು ಪಾಕೀಟು ಬೇಕು, ಇಲ್ಲಂದ್ರ ಕೈ ನಡಗತಾವ. ಹೋದ ತಿಂಗಳು ಬುತ್ತಿ ಕೊಡಾಕ ಹೋದಾಗ ಮಗ್ಗದಾಗ ಎಳಿ ಹರೀತು. ಎಳಿ ಗಂಟ ಹಾಕೂದು ಅವಂಗ ಕಣ್ಣ ಮುಚ್ಚಿ ಬರೂ ಕೆಲಸ, ಹದಿನಾಲ್ಕನೇ ವಯಸ್ಸಿನಿಂದ ಮಾಡ್ಕೋತ ಬಂದಾನ. ಅವತ್ತ ಎರಡೂ ತುದಿ ಬೆರಳಾಗ ಹಿಡದು ಕೂಡಸಾಕ ನೋಡಿದ, ಕೂಡವಲ್ವು. ನಾಕ ಸರ್ತಿ ನೋಡಿದ. ಐದನೇ ಸರ್ತಿ ನನ್ನ ಕಡೆ ತಿರುಗಿ "ನೀ ಹಾಕ" ಅಂದ. ರಾತ್ರಿ ಅವನ ಬಾಯಿಂದನ ಬಂತು, ಬಿಡಬೇಕು ಅಂತ.

ಹೋದ ವರ್ಷ ಎಂಟು ದಿನದ ಮದ್ಯವರ್ಜನ ಶಿಬಿರಕ್ಕ ಹೋಗಿ ಬಂದಿದ್ದ. ಐದು ತಿಂಗಳು ಮುಟ್ಟಲಿಲ್ಲ. ಮಕ್ಕಳು ಅಪ್ಪನ ಕೂಡ ಕುಂತು ಉಣ್ಣಾಕ ಸುರು ಮಾಡಿದ್ರು. ಆಮ್ಯಾಲ ಒಂದು ಪಗಾರದ ದಿನ ಹೊರಗ ಹೋದಾಂವ ರಾತ್ರಿ ಮತ್ತ ಹಂಗ ಬಂದ. ಶಿಬಿರದಾವ್ರು ವಾರಕ್ಕೊಮ್ಮೆ ಕೂಡ್ರಿ ಅಂತ ಹೇಳಿದ್ರು, ನಾಕ ವಾರ ಹೋಗಿ ಬಿಟ್ಟಿದ್ದ. ಅಲ್ಲಿ ಎಲ್ಲಾ ನಮ್ಮ ಓಣಿ ಮಂದಿ. ಮಗ್ಗದ ಮಾಲಕರ ಪೈಕಿ ಒಬ್ರು ಬರ್ತಿದ್ರು, ಅವರ ಮುಂದ ಇವ ಏನ ಮಾತಾಡಬೇಕು?

ಈಗ ಮತ್ತ ಹೋಗ್ತೀನಿ ಅಂತಾನ. ಆದ್ರ ಗುರ್ತಿನ ಮಂದಿ ಇರಬಾರದು, ಯಾರೂ ಬೈಬಾರದು, ಭಾಷಣ ಮಾಡಬಾರದು ಅಂತಾನ. ನಮ್ಮ ವೈನಿ ಅಂತೂ ದಣದು ಹೋಗ್ಯಾಳ. ಸ್ವತಃ ಇದರಾಗಿಂದ ಹೊರಗ ಬಂದಾವ್ರು, ಮನ್ಯಾಗ ಕಂಡಾವ್ರು ಇದ್ರ ದಯಮಾಡಿ ದಾರಿ ಹೇಳ್ರಿ.

ಘಟಪ್ರಭಾ ದಂಡಿ

ತಂಗಿ, ನಿಮ್ಮಣ್ಣ ತಾನ ಬಿಡಬೇಕು ಅಂದಾನಲ್ಲ, ಅದನ್ನ ಗಟ್ಟಿ ಹಿಡ್ಕೋರಿ. ಐದು ತಿಂಗಳು ಮುಟ್ಟದ ಇದ್ದದ್ದೂ ಸಣ್ಣ ಮಾತಲ್ಲ. ಅದು ನೀರಾಗ ಹೋತು ಅಂತ ಅವನ ಮುಂದ ಯಾರೂ ಅನ್ನಬ್ಯಾಡ್ರಿ.

ನಾನು ಗೋಕಾಕ ಕಡೆಯಾಂವ. ಮೂರು ಸರ್ತಿ ದವಾಖಾನಿ ಸೇರಿ ಬಿಟ್ಟೆ, ಮೂರು ಸರ್ತಿನೂ ಮತ್ತ ಹಿಡದೆ. ನಾಕನೇ ಸರ್ತಿ ದವಾಖಾನ್ಯಾಗಿಂದ ಬಂದ ಮರುದಿನಾನ ಒಬ್ಬ ಗೆಳೆಯ ಎಎ ಮೀಟಿಂಗಿಗೆ ಕರ್ಕೊಂಡು ಹೋದ. ಒಂಬತ್ತು ವರ್ಷ ಆತು. ಎಎ ಅಂದ್ರ ಆಲ್ಕೊಹಾಲಿಕ್ಸ್ ಅನಾನಿಮಸ್, ಹೆಸರ ಹೇಳದ ಕೂಡೂ ಕುಡುಕರ ಕೂಟ. ಅದು 1935ರಾಗ ಅಮೆರಿಕಾದ ಆಕ್ರನ್ ಊರಾಗ ಇಬ್ರು ಕುಡುಕರು ಸುರು ಮಾಡಿದ್ದು. ಒಬ್ಬಾಂವ ಶೇರು ಪ್ಯಾಟಿಯಾಗ ಇದ್ದಾಂವ, ಇನ್ನೊಬ್ಬಾಂವ ಸರ್ಜನ್. ಅವರು ಕಂಡ್ಕೊಂಡದ್ದು ಇಷ್ಟ: ಕುಡುಕನ ಸಂಕಟ ಇನ್ನೊಬ್ಬ ಕುಡುಕಗ ತಿಳಿದಷ್ಟು ಬ್ಯಾರೆಯವರಿಗೆ ತಿಳಿಯೂದಿಲ್ಲ. ಅಲ್ಲಿ ಫೀಸ್ ಇಲ್ಲ. ಕಡೀಕ ಒಂದು ಡಬ್ಬಿ ತಿರಗತೈತಿ, ಆದ್ರ ಹಾಕಬಹುದು, ಇಲ್ಲಂದ್ರ ಇಲ್ಲ. ಹೊರಗಿನವರ ದೇಣಿಗಿ ತಗೊಳ್ಳೂದಿಲ್ಲ. ಅಡ್ಡಹೆಸರು ಕೇಳಂಗಿಲ್ಲ, ಜಾತಿ ಕೇಳಂಗಿಲ್ಲ. ಬಿಡಬೇಕು ಅನ್ನೂ ಆಸೆ ಒಂದ ಇದ್ರ ಸಾಕು.

ಭಾಷಣದ ಅಂಜಿಕಿ ಬ್ಯಾಡ. ಒಬ್ಬೊಬ್ರು ತಮ್ಮ ಕತಿ ಹೇಳತಾರ, ಉಳದವರು ಕೇಳತಾರ, ನಡುವ ಯಾರೂ ಬಾಯಿ ಹಾಕಂಗಿಲ್ಲ. ನಾ ಮದಲ ಎರಡು ತಿಂಗಳು ಬಾಯಿ ಬಿಡಲಿಲ್ಲ, ಒಬ್ರೂ ಕೇಳಲಿಲ್ಲ.

ಯಾವ ಗುಂಪು ಚಲೋ ಅಂತ ಕೇಳೀರಿ. ಎಲ್ಲಾರೂ ಮದಲನೇ ವಾರದ ವಿಚಾರ ಮಾಡತಾರ, ಎಲ್ಲಿ ಸೇರಸೂದು, ಎಷ್ಟು ದಿನ ಇಡೂದು ಅಂತ. ನೀವು ಎರಡನೇ ತಿಂಗಳದ ಪಗಾರದ ದಿನದ ವಿಚಾರ ಮಾಡ್ರಿ. ಅವತ್ತ ಸಂಜಿ ಆರಕ್ಕ, ಕಿಸೆದಾಗ ರೊಕ್ಕ ಇಟ್ಕೊಂಡು, ನಿಮ್ಮಣ್ಣ ಎಲ್ಲಿಗೆ ಹೋಗಬಲ್ಲ? ಆ ಹೊತ್ತಿಗೆ ಬಾಗಿಲಾ ತಗದಿರೂ ಗುಂಪು, ಬಸ್ಸ ಇಳದು ನಡಕೊಂಡ ಹೋಗೂವಷ್ಟು ಸಮೀಪ ಇರೂ ಗುಂಪು ಹುಡುಕ್ರಿ. ಒಂದ ಸರ್ತಿ ಹೋಗಿ ಸೇರಲಿಲ್ಲ ಅಂತ ಬಿಡಬ್ಯಾಡ್ರಿ. ಒಂದು ಆರು ಸರ್ತಿನರೆ ಹೋಗಲಿ. ಆಗಲೂ ಮನಸ್ಸಿಗೆ ಬರದಿದ್ರ ಬ್ಯಾರೆ ಗುಂಪು ನೋಡ್ರಿ, ಗುಂಪಿನಿಂದ ಗುಂಪಿಗೆ ಬಾಳ ಫರಕ ಇರತೈತಿ.

ಹೊಂಗಲದ ಹುಡುಗ

ಅಕ್ಕಾರ, ನಮ್ಮ ಕಾಕಾಗ ಊಟದಾಗ ಪುಡಿ ಹಾಕಿ ಕೊಟ್ರು, ಅವರಿಗೆ ಗೊತ್ತ ಆಗಲಿಲ್ಲ, ಬಿಟ್ರು. ಗುಂಪು-ಗಿಂಪು ಯಾಕ? ವಿಳಾಸ ಬೇಕಾದ್ರ ಹೇಳ್ರಿ.

ರಾತ್ರಿಪಾಳಿ

ದಯವಿಟ್ಟು ಆ ಪುಡಿಯ ಕೆಲಸ ಬೇಡ. ನಾನು ಬಾಗಲಕೋಟೆಯಲ್ಲಿ ನರ್ಸ್, ಹದಿನೈದು ವರ್ಷದಿಂದ ವಾರ್ಡಿನಲ್ಲಿ ಇಂಥವರನ್ನು ನೋಡುತ್ತಾ ಬಂದಿದ್ದೇನೆ. ಗುಟ್ಟಾಗಿ ಕೊಡುವ ಪುಡಿಗಳಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಹೊಡೆದು, ಬಿಪಿ ಕುಸಿಯಬಹುದು. ವೈದ್ಯರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆ. ಮನೆಯವರು ಕದ್ದು ಸಾರಿನಲ್ಲಿ ಹಾಕಿ ಜೀವಕ್ಕೆ ಅಪಾಯ ತಂದುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ತಂಗಿ, ನಿಮಗೆ ಇನ್ನೊಂದು ಮಾತು, ಇದು ಗುಂಪಿಗಿಂತ ಮೊದಲಿನದು. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ ಅಂದಿರಿ. ಅಂಥವರು ಮನೆಯಲ್ಲಿ ಏಕಾಏಕಿ ಬಿಡಬಾರದು. ಕೊನೆಯ ಪೆಗ್ಗಿನ ನಂತರ ಆರರಿಂದ ಹನ್ನೆರಡು ತಾಸಿನಲ್ಲಿ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ. ಊರಲ್ಲಿ ಗಾಳಿ ಬಡಿದಿದೆ ಎಂದು ನಿಂಬೆಹಣ್ಣು ಇಳಿಸುತ್ತಾ ಕೂರುತ್ತಾರೆ, ಆ ಹೊತ್ತಿನಲ್ಲಿ ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಐದಾರು ದಿನ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾ ಬಂದರೆ ಇದೆಲ್ಲ ತಡೆಯಬಹುದು. ಇನ್ನೊಂದು: ಕುಡಿಯುವವರನ್ನು ಸುಸ್ತು ಎಂದು ಕರೆದೊಯ್ದು ಬರೀ ಗ್ಲೂಕೋಸ್ ಬಾಟಲಿ ಹಾಕಿಸಬೇಡಿ. ಅದರ ಮೊದಲು ವಿಟಮಿನ್ ಬಿ1 ಇಂಜೆಕ್ಷನ್ ಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟಾಗುವ ಸಂಭವ ಇದೆ. ಅದಕ್ಕೇ ಕುಡಿತದ ವಿಷಯ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರಾ ಕೇಳಿಕೊಳ್ಳಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಮನೋರೋಗ ವಿಭಾಗ ಇದೆ. ಬೆಳಗಾವಿ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. ರಾತ್ರಿ ದಿಕ್ಕು ತೋಚದಾದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446.

2019ರಲ್ಲಿ ಬಂದ ಏಮ್ಸ್‌ನವರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ನಿಮ್ಮಣ್ಣ ಆ ಒಬ್ಬರಾಗಲಿ.

ಬನಹಟ್ಟಿ ತಂಗಿ

ಅಕ್ಕಾರ, ನಿಮ್ಮ ಕಾಲಿಗೆ ಬೀಳತೀನಿ. ಹೋದ ಸರ್ತಿ ಶಿಬಿರದಾಗ ಡಾಕ್ಟರು ನೋಡಿದ್ರು. ಈ ಸರ್ತಿ ಅವ ಮನ್ಯಾಗ ಬಾಗಿಲಾ ಹಾಕ್ಕೊಂಡು ತಾನ ಬಿಡ್ತೀನಿ ಅನ್ನಾಕತ್ತಿದ್ದ. ನೀವು ಬರದದ್ದು ಓದಿ ಹೇಳಿದೆ, ಹುಳದ ಮಾತಿಗೆ ಸುಮ್ಮನ ಕುಂತ. ಒಮ್ಮೆ ಹಂಗ ಆಗಿತ್ತಂತ, ನಮಗ ಯಾರಿಗೂ ಹೇಳಿರಲಿಲ್ಲ.

ಗುಮ್ಮಟನಗರಿ

ನಾನು ವಿಜಯಪುರದಾಂವ, ಮುಸಲ್ಮಾನ. ನಮ್ಮ ಮನ್ಯಾಗ ಕುಡ್ಯೂದು ಹರಾಮ್, ಹಂಗಾಗಿ ಕುಡೀತೀನಿ ಅಂತ ಒಪ್ಕೊಳ್ಳೂದೇ ದೊಡ್ಡ ಗುಡ್ಡ ಆಗಿತ್ತು. ಅಬ್ಬಾ ಇರೋತನಕ ಒಬ್ಬರ ಮುಂದೂ ಬಾಯಿ ಬಿಡಲಿಲ್ಲ.

ಗುಂಪಿಗೆ ಹೋಗ್ಲಿಕ್ಕೆ ನನಗ ಅಡ್ಡ ಆಗಿದ್ದು ಪ್ರಾರ್ಥನಾ. ಕೆಲವು ಶಿಬಿರದಾಗ ಭಜನಿ ಇರ್ತದ, ಎಎದಾಗ ದೇವರ ಹೆಸರು ಬರ್ತದ. ನನ್ನ ಜಾಗಾ ಇದಲ್ಲ ಅಂತ ಎದ್ದು ಬರ್ಲಿಕ್ಕೆ ಹತ್ತಿದ್ದೆ. ಬಾಗಲದಾಗ ಒಬ್ಬ ಹಿರ್ಯಾರು ಕೈ ಹಿಡದು ಹೇಳಿದ್ರು, "ಎಎದವರು ಪಾಲಿಸೂ ಹನ್ನೆರಡು ಮೆಟ್ಟಿಲದಾಗ 'ನಮಗ ತಿಳಿದಂಥ ದೇವರು' ಅಂತ ಬರದದ, ನಿಮಗ ತಿಳಿದಂಗ ತಿಳ್ಕೋರಿ". ಈಗ ಮಗ್ರಿಬ್ ನಮಾಜ್ ಮುಗಿಸಿ ಮೀಟಿಂಗಿಗೆ ಹೋಗ್ತೀನಿ. ದೇವರನ್ನ ನಂಬದವರೂ ಒಬ್ರು ಬರ್ತಾರ, ಅವರು ಈ ಗುಂಪೇ ನನಗ ದೊಡ್ಡದು ಅಂತಾರ.

ತಂಗಿ, ಗುರ್ತಿನ ಮಂದಿ ಬಗ್ಗೆ ನಿಮ್ಮಣ್ಣ ಹೇಳೂದು ಖರೆ ಅದ. ಸಣ್ಣ ಊರಾಗ ಅನಾಮಿಕ ಅನ್ನೂದು ಕಠಿಣ. ನಾನು ಮದಲನೇ ವರ್ಷ ಬ್ಯಾರೆ ತಾಲೂಕಿಗೆ ಬಸ್ಸಿನ್ಯಾಗ ಹೋಗ್ತಿದ್ದೆ. ಅಂಜಿಕಿ ಕಡಿಮಿ ಆದ ಮ್ಯಾಲ ಊರ ಗುಂಪಿಗೇ ಬಂದೆ. ಅಲ್ಲಿ ನೋಡಿದ್ರ ನಮ್ಮ ಗಲ್ಲಿಯ ಒಬ್ರು ನಾಕು ವರ್ಷದಿಂದ ಕುಂತಿದ್ರು. ನನ್ನ ಗುಟ್ಟು ಅವರ ಹತ್ರ, ಅವರ ಗುಟ್ಟು ನನ್ನ ಹತ್ರ.

ಟಿಳಕವಾಡಿ ಸಂಜೆ

ಇಲ್ಲಿ ಎಲ್ಲರೂ ಅಣ್ಣ, ಕಾಕಾ ಅಂತ ಬರೆಯುತ್ತಿದ್ದೀರಿ. ಕುಡಿಯುತ್ತಿದ್ದವಳು ನಾನೇ. ಬೆಳಗಾವಿಯಲ್ಲಿ ಕೆಲಸ, ಒಬ್ಬಳೇ ಇರುವುದು. ಇಪ್ಪತ್ತು ತಿಂಗಳಾಯಿತು.

ಮೊದಲು ಹೋದ ಗುಂಪಿನಲ್ಲಿ ಹದಿನಾಲ್ಕು ಜನ ಗಂಡಸರು, ನಾನೊಬ್ಬಳೇ ಹೆಣ್ಣು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಆದರೆ ನನ್ನ ಕುಡಿತದ ಬೇರು ಎಲ್ಲಿದೆಯೋ ಅದನ್ನು ಅಲ್ಲಿ ಬಿಚ್ಚಿ ಹೇಳಲು ಆಗಲಿಲ್ಲ. ಇನ್ನೊಂದು ತೊಡಕು ಭಾಷೆ. ಆ ಸಂಜೆ ಹೆಚ್ಚಿನವರು ಮರಾಠಿಯಲ್ಲಿ ಮಾತಾಡಿದರು. ಬೆಳಗಾವಿಯವಳು, ಮರಾಠಿ ಚೆನ್ನಾಗಿ ತಿಳಿಯುತ್ತದೆ, ಪೇಟೆಯಲ್ಲಿ ದಿನಾ ಆಡುತ್ತೇನೆ. ಆದರೆ ಅವ್ವ ಸತ್ತ ರಾತ್ರಿಯ ಬಗ್ಗೆ ಮರಾಠಿಯಲ್ಲಿ ಹೇಳಲು ಹೋದರೆ ಪಾಠ ಒಪ್ಪಿಸಿದ ಹಾಗಾಯಿತು.

ಈಗ ವಾರಕ್ಕೆ ಎರಡು ರಾತ್ರಿ ಹೆಂಗಸರದ್ದೇ ಆನ್‌ಲೈನ್ ಮೀಟಿಂಗ್, ಭಾನುವಾರ ಕನ್ನಡದ ಗುಂಪು. ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಸಂದೇಶ ಕಳಿಸಿ. ನೀವು ಒಬ್ಬರೇ ಅಲ್ಲ.

ಇಳಕಲ್ ಸೆರಗು

ನಾನು ಹಳಬ, ಇಳಕಲ್‌ದಾಂವ. ನಮ್ಮ ಮಠದ ಡಾ. ಮಹಾಂತ ಅಪ್ಪಗೋಳು ಜೋಳಗಿ ಹಿಡ್ಕೊಂಡು ಓಣಿ ಓಣಿ ತಿರಗತಿದ್ರು. ರೊಕ್ಕ ಅಲ್ಲ, ಕಾಳ ಅಲ್ಲ, "ನಿಮ್ಮ ಚಟ ನನ್ನ ಜೋಳಗಿಗೆ ಹಾಕ್ರಿ" ಅಂತ ಬೇಡತಿದ್ರು. ಮಹಾಂತ ಜೋಳಿಗೆ ಅಂತ ಹೆಸರಾತು. ಅವರು ಹುಟ್ಟಿದ ಆಗಸ್ಟ್ 1ನ್ನ ಈಗ ಸರ್ಕಾರ ವ್ಯಸನಮುಕ್ತ ದಿನ ಅಂತ ಮಾಡತೈತಿ. 2018ರಾಗ ಲಿಂಗೈಕ್ಯರಾದ್ರು.

ನಮ್ಮಪ್ಪ ಆ ಜೋಳಗ್ಯಾಗ ತನ್ನ ಬಾಟ್ಲಿ ಹಾಕಿದ್ದ. ನಾ ಆಗ ಸಣ್ಣಾಂವ, ಅವ್ವನ ಸೆರಗ ಹಿಡ್ಕೊಂಡು ನಿಂತಿದ್ದೆ. ಅಪ್ಪನ ಕೈ ಆ ಜೋಳಗಿ ಬಾಯಾಗ ಬಾಳೊತ್ತು ಇತ್ತು, ಒಮ್ಮೆಲೆ ಹೊರಗ ಬರಲಿಲ್ಲ. ಸ್ವಾಮಿಗೋಳು ಏನೂ ಅನ್ನಲಿಲ್ಲ, ಕಾದ್ರು. ಅಪ್ಪ ಮುಂದ ಮುಟ್ಟಲಿಲ್ಲ. ಆದ್ರ ಅವನ ಜೋಡಿ ಹಾಕಿದ ಇಬ್ರು ಮತ್ತ ಹಿಡದ್ರು, ಅದೂ ಖರೆ. ಅಪ್ಪನ್ನ ಹಿಡದು ನಿಲ್ಲಿಸಿದ್ದು ಆಣಿ ಒಂದ ಅಲ್ಲ ಅನಸತೈತಿ ನನಗ. ಪ್ರತಿ ಸೋಮಾರ ಮಠದ ಕಟ್ಟಿಗೆ ನಾಕ ಮಂದಿ ಬಿಟ್ಟಾವ್ರು ಕೂಡತಿದ್ರು. ಒಂದಿನ ಅಪ್ಪ ಹೋಗದಿದ್ರ ಸಂಜಿ ಯಾರರೆ ಮನೀಗೆ ಬರತಿದ್ರು, "ಯಾಕಪಾ, ಆರಾಮ ಅದಿಯಲ್ಲ?" ಅಂತ.

ಸಂಘದ ಅಕ್ಕ

ತಂಗಿ, ಶಿಬಿರ ಕೈಬಿಡಬೇಡಿ. ನಾನು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದಲ್ಲಿದ್ದೇನೆ. ನನ್ನ ಯಜಮಾನರು ಯೋಜನೆಯವರ ಎಂಟು ದಿನದ ಶಿಬಿರದಿಂದಲೇ ಬಿಟ್ಟರು. ಶಿಬಿರ ಮುಗಿಸಿದವರದ್ದು ನವಜೀವನ ಸಮಿತಿ ಅಂತ ಇರುತ್ತದೆ. ನಿಮ್ಮೂರ ಸಮಿತಿಯಲ್ಲಿ ಮುಜುಗರವಾದರೆ ಪಕ್ಕದ ಊರಿನ ಸಮಿತಿಗೆ ಬರಲೇ ಅಂತ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಡೋಣಿ ಸಾಲು

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕ ಹಾಕೂ ವಿಚಾರ ಇದ್ರ ಹುಷಾರ್. ನನ್ನ ತಮ್ಮನ್ನ ಒಂದು ಕಡೆ ಹಾಕಿದ್ವಿ, ಹೆಸರು ಬರಿಯೂದಿಲ್ಲ. ಮೂರು ತಿಂಗಳ ರೊಕ್ಕ ಮುಂಗಡ ತಗೊಂಡ್ರು, ಮದಲನೇ ತಿಂಗಳು ಫೋನಿನ್ಯಾಗ ಮಾತಾಡ್ಲಿಕ್ಕೂ ಬಿಡಲಿಲ್ಲ. ಹೋಗಿ ನೋಡಿದ್ರ ಕಾಲಾಗ ಸರಪಳಿ ಗುರ್ತು. ಅವತ್ತೇ ಕರ್ಕೊಂಡು ಬಂದ್ವಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾರನ್ನೂ ಸರಪಳಿಯಿಂದ ಕಟ್ಟಂಗಿಲ್ಲ. ನೋಂದಣಿ ಅದ ಇಲ್ಲ, ಡಾಕ್ಟರು ಖರೇನ ಬರ್ತಾರ ಇಲ್ಲ, ಮನಿ ಮಂದಿ ಯಾವಾಗ ಬೇಕಾದ್ರೂ ಬರಬಹುದಾ, ಇಷ್ಟು ಕೇಳದ ರೊಕ್ಕ ಕಟ್ಟಬ್ಯಾಡ್ರಿ. ತಮ್ಮ ಈಗೂ ರಾತ್ರಿ ಬಾಗಲಾ ಹಾಕಿದ್ರ ಬೆಚ್ಚತಾನ.

ಘಟಪ್ರಭಾ ದಂಡಿ

ಡೋಣಿ ಸಾಲು ಅಣ್ಣಾ, ತಮ್ಮನ್ನ ಒಂದಿನ ನಮ್ಮ ಕಡೆ ಕರ್ಕೊಂಡ ಬರ್ರಿ. ನಮ್ಮ ಕೋಣಿಗೆ ಚಿಲಕಾನ ಇಲ್ಲ, ಯಾವಾಗ ಬೇಕಾದ್ರೂ ಎದ್ದು ಹೋಗಬಹುದು.

ತಂಗಿ, ವೈನಿ ಬಗ್ಗೆ ಒಂದ ಮಾತು ಉಳದಿತ್ತು. ಅವರು ಕಿಸೆ ತಪಾಸೂದು, ಬಾಯಿ ಮೂಸೂದು, ಸಾಲಗಾರರಿಗೆ ಸುಳ್ಳ ಹೇಳೂದು, ಇದೆಲ್ಲಾ ಮಾಡಿ ಮಾಡಿ ದಣದಿರತಾರ. ನನ್ನ ಹೆಂಡ್ತಿನೂ ಹಂಗ ಆಗಿದ್ಲು. ಮನಿ ಮಂದಿಗೆ ಅಲ್-ಅನಾನ್ ಅಂತ ಬ್ಯಾರೆ ಕೂಟ ಐತಿ. ಎಎ ಸುರು ಮಾಡಿದ ಇಬ್ರಾಗ ಒಬ್ಬರ ಹೆಂಡ್ತಿನ 1951ರಾಗ ಅದನ್ನ ಕಟ್ಟಿದಾಕಿ. ಗಂಡ ಕುಡಿಲಿ ಬಿಡಲಿ, ಹೆಂಡ್ತಿ ಹೋಗಬಹುದು. ನನ್ನಾಕಿ ಅಲ್ಲಿಂದ ಬಂದ ಮ್ಯಾಲ ನನ್ನ ಕಿಸೆ ನೋಡೂದು ಬಿಟ್ಲು. ಅವತ್ತ ನನಗ ಮದಲನೇ ಸರ್ತಿ ಅಂಜಿಕಿ ಆತು, ಇನ್ನ ನನ್ನ ಕುಡಿತ ನಂದ ಅಂತ.

ಬನಹಟ್ಟಿ ತಂಗಿ

ಎರಡು ತಿಂಗಳಾದ ಮ್ಯಾಲ ಬರ್ಯಾಕತ್ತೀನಿ, ಕ್ಷಮಾ ಇರಲಿ. ಬರಿಯೂವಂಥದ್ದು ಆಗ್ಲಿ ಅಂತ ಕಾದಿದ್ದೆ.

ರಾತ್ರಿಪಾಳಿ ಅಕ್ಕಾರು ಹೇಳಿದಂಗ ಮದಲ ದವಾಖಾನಿ. ಏಳು ದಿನ ಇಟ್ಕೊಂಡ್ರು. ಎರಡನೇ ರಾತ್ರಿ ಬಾಳ ಕಠಿಣ ಹೋತು, ಆದ್ರ ಫಿಟ್ಸ್ ಬರಲಿಲ್ಲ. ಬಿಡುಗಡಿ ಆದ ಮೂರನೇ ದಿನ ಬ್ಯಾರೆ ತಾಲೂಕಿನ ಒಂದು ಎಎ ಗುಂಪಿಗೆ ಕರ್ಕೊಂಡು ಹೋದೆ. ಅಣ್ಣ ಒಳಗ ಹೋಗಿ ಹತ್ತ ನಿಮಿಷಕ್ಕ ಹೊರಗ ಬಂದ. "ಎಲ್ಲಾ ಸಾಲಿ ಮಾಸ್ತರು, ಆಫೀಸರು ಇದ್ದಂಗ ಅದಾರ" ಅಂದ. ನನಗ ಅಳುನ ಬಂತು. ಆಗ ನೆನಪಾತು, ಆರು ಸರ್ತಿ ಅಂದಿದ್ರಿ. ಮುಂದಿನ ವಾರ ಮತ್ತ ಹೋದ್ವಿ. ಅವತ್ತ ಒಬ್ಬ ಲಾರಿ ಡ್ರೈವರ್ ಮಾತಾಡಿದ್ರಂತ, ಮಗಳ ಸಾಲಿ ಫೀಸ್ ಕುಡಿದದ್ದು. ಅಣ್ಣ ಮನೀಗೆ ಬರೂತನಕ ಬಸ್ಸಿನ್ಯಾಗ ಒಂದ ಮಾತೂ ಆಡಲಿಲ್ಲ. ಮೂರನೇ ಸರ್ತಿ ನನ್ನ ಬರಬ್ಯಾಡ ಅಂದ, ತಾನ ಹೋದ.

ಈಗ ಎಂಟು ಸರ್ತಿ ಆತು. ಇನ್ನೂ ಮಾತಾಡಿಲ್ಲ. ಮೀಟಿಂಗ್ ಮುಗದ ಮ್ಯಾಲ ಚಹಾದ ಕಪ್ಪು ತೊಳಿಯೂ ಕೆಲಸ ಅವಂಗ ಕೊಟ್ಟಾರಂತ, ಹಂಗಾಗಿ ತಪ್ಪಸಾಕ ಆಗೂದಿಲ್ಲ ಅಂತಾನ. ವೈನಿ ಒಂದ ಸರ್ತಿ ಅಲ್-ಅನಾನ್ ಕೂಟಕ್ಕ ಹೋಗಿ ಬಂದಾಳ. ಮತ್ತ ಹೋಗ್ತಾಳೋ ಇಲ್ಲೋ, ನಾ ಒತ್ತಾಯ ಮಾಡಿಲ್ಲ.

ಒಂದ ಚಿಂತಿ ಉಳದೈತಿ. ಈ ಸರ್ತಿ ಪಗಾರದ ದಿನ ಆ ಗುಂಪಿನ ಮೀಟಿಂಗ್ ಇಲ್ಲ. ಹಬ್ಬದ ಬೋನಸ್ ಬ್ಯಾರೆ ಕೂಡಿ ಬರತೈತಿ. ಅವನ ಜೋಡಿ ನೇಯೂವರು ಈಗನ ಕರ್ಯಾಕತ್ಯಾರ. ರೊಕ್ಕ ವೈನಿ ಕೈಯಾಗ ಕೊಡಸ್ರಿ ಅಂತ ಮಾಲಕರಿಗೆ ಹೇಳಬೇಕಂದ್ರ ಅಣ್ಣಗ ಅಪಮಾನ ಆದೀತು.

ಘಟಪ್ರಭಾ ದಂಡಿ

ಮಾಲಕರಿಗೆ ಹೇಳಬ್ಯಾಡ್ರಿ ತಂಗಿ. ಅಣ್ಣನ್ನ ಕೇಳ್ರಿ, ರೊಕ್ಕ ಯಾರ ಕೈಯಾಗ ಇರಬೇಕು ಅಂತ ಅವನ ಹೇಳಲಿ. ಅವತ್ತ ಉಪಾಸ ಇಡಬ್ಯಾಡ್ರಿ. ಮಧ್ಯಾಹ್ನ ಹೊಟ್ಟಿ ತುಂಬ ಉಣ್ಣಲಿ, ಹಸದ ಹೊಟ್ಟಿ ಮತ್ತ ದಣಿವು ನಮ್ಮಂಥವರಿಗೆ ಕೆಟ್ಟ ಜೋಡಿ.

ಆ ದಿನ ಸಂಜಿ ಏಳಕ್ಕ ನಮ್ಮ ಗುಂಪಿನ ಮೀಟಿಂಗ್ ಐತಿ. ಊರು, ಜಾಗಾ ನಿಮಗ ಬ್ಯಾರೆ ಕಳಸತೀನಿ. ಪಗಾರ ಆದ ಕೂಡ್ಲೆ ಮಗ್ಗದಿಂದ ಸೀದಾ ಬಸ್ ಸ್ಟ್ಯಾಂಡಿಗೆ ಬರಲಿ, ಮನೀಗೂ ಹೋಗೂದು ಬ್ಯಾಡ. ನಾ ಇಲ್ಲಿ ಸ್ಟ್ಯಾಂಡಿನ್ಯಾಗ ಚಹಾದಂಗಡಿ ಮುಂದ ನಿಂತಿರತೀನಿ. ಹೆಗಲ ಮ್ಯಾಲ ಹಸರ ಟಾವೆಲ್ ಇರತೈತಿ. ಹೆಸರ ಹೇಳೂದು ಬ್ಯಾಡ, "ಬನಹಟ್ಟಿಯಿಂದ ಬಂದೀನಿ" ಅಂದ್ರ ಸಾಕು.

ಬನಹಟ್ಟಿ ತಂಗಿ

ಹೇಳಿದೆ ಅಣ್ಣಾರ. ಬಸ್ಸ ಎಷ್ಟಕ್ಕ ಐತಿ ಅಂತ ಕೇಳಾಕತ್ತಾನ.